ತಾನಾಗಿ ಏಳಬೇಕಾದ ಜಾಲ: ಲಿನಕ್ಸ್ ಕ್ಲಸ್ಟರುಗಳ ಪಾಲಕರಿಗೆ ಒಂದು ಬಹಿರಂಗ ಪತ್ರ

ವಿಶ್ವವಿದ್ಯಾಲಯಗಳಲ್ಲಿಯೂ ಸಂಶೋಧನಾಲಯಗಳಲ್ಲಿಯೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಲಿನಕ್ಸ್ ಕ್ಲಸ್ಟರುಗಳನ್ನು ಕಾಯುತ್ತಿರುವ ಮಿತ್ರರಿಗೆ, ಅದೇ ಕಾಯಕದಲ್ಲಿ ತಲೆ ನರೆಸಿಕೊಂಡವನೊಬ್ಬನ ನಮಸ್ಕಾರಗಳು.



ನಿಮ್ಮಲ್ಲಿ ಬಹುಮಂದಿಯ ಮುಖವನ್ನು ನಾನು ಕಂಡವನಲ್ಲ. ಆದರೂ ನಿಮ್ಮ ದಿನಚರಿಯನ್ನು ಬಲ್ಲೆನೆಂದು ಹೇಳಿದರೆ ಅದು ಅತಿಪ್ರಸಂಗವಾಗಲಾರದು. ಸದಾ ಶೀತಲವಾಗಿ, ಸದಾ ಗುಂಯ್ಗುಡುತ್ತ, ಹೊರಗಿನವರ ಪಾಲಿಗೆ ಗರ್ಭಗುಡಿಯಷ್ಟೇ ನಿಗೂಢವಾಗಿರುವ ಕೋಣೆಯೊಂದರ ಬೀಗದ ಕೈ ನಿಮ್ಮ ಕಿಸೆಯಲ್ಲಿರುತ್ತದೆ. ಒಳಗಿನ ಯಂತ್ರಗಳು ನಡೆಯುತ್ತಿರುವ ತನಕ ನಿಮ್ಮನ್ನು ನೆನೆಯುವವರಿಲ್ಲ, ಅವು ನಿಂತ ಗಳಿಗೆಯಿಂದ ನಿಮ್ಮನ್ನಲ್ಲದೆ ಬೇರೆ ಯಾರನ್ನೂ ನೆನೆಯುವವರಿಲ್ಲ. ಈ ಪತ್ರದಲ್ಲಿ ನಾನು ನಿಮ್ಮನ್ನು ಕೇಳಬೇಕೆಂದಿರುವುದು ಒಂದೇ ಪ್ರಶ್ನೆ. ಕ್ಲಸ್ಟರಿನ ಯಂತ್ರಗಳನ್ನು ಒಂದಕ್ಕೊಂದು ಬೆಸೆಯುವ ಅತಿವೇಗದ ಜಾಲವು, ಯಂತ್ರವು ಬೂಟ್ ಆಗುವಾಗ, ನಿಮ್ಮ ಕೈಯ ನೆರವಿಲ್ಲದೆ, ನೀವು ಊರಿನಲ್ಲಿಲ್ಲದಿದ್ದರೂ, ಸರಿಯಾದ ಅನುಕ್ರಮದಲ್ಲಿ ತಾನಾಗಿಯೇ ಏಳುವಂತೆ ನೀವು ಮಾಡಿದ್ದೀರಾ? ಮಾಡಿದ್ದೇವೆಂಬ ನಂಬಿಕೆಯಿದ್ದರೆ ಆ ನಂಬಿಕೆಯನ್ನು ಎಂದಾದರೂ ಪರೀಕ್ಷೆಗೆ ಒಡ್ಡಿದ್ದೀರಾ?

ನಾನು ಒಡ್ಡಿರಲಿಲ್ಲ. ಒಡ್ಡಿಸಿದವನು ವರುಣ. ಸುಮಾರು ಹನ್ನೆರಡು ವರ್ಷಗಳ ಹಿಂದಿನ ಆಷಾಢಮಾಸದ ಒಂದು ರಾತ್ರಿ, ಮಲೆನಾಡಿನ ಸೆರಗಿನಲ್ಲಿ ನಾನಾಗ ಕೆಲಸಮಾಡುತ್ತಿದ್ದ ವಿದ್ಯಾಸಂಸ್ಥೆಯಲ್ಲಿ ವಿದ್ಯುತ್ತು ಹೋಯಿತು. ಯುಪಿಎಸ್ಸಿನ ಬ್ಯಾಟರಿಗಳು ಅರ್ಧ ಗಂಟೆಯ ಕಾಲ ತಾಳಿದುವು. ಜನರೇಟರು, ಅಂಥ ರಾತ್ರಿಗಳಲ್ಲಿ ಜನರೇಟರುಗಳು ಮಾಡುವಂತೆ, ಕೆಮ್ಮಿ ಸುಮ್ಮನಾಯಿತು. ಇಪ್ಪತ್ತನಾಲ್ಕು ಯಂತ್ರಗಳೂ ಒಂದೇ ಉಸಿರಿಗೆ ಆರಿಹೋದುವು. ಬೆಳಗಿನ ಜಾವ ಮೂರು ಗಂಟೆಗೆ ವಿದ್ಯುತ್ತು ಮರಳಿ ಬಂದಾಗ ಅವೆಲ್ಲವೂ ಯಾರ ಅಪ್ಪಣೆಯನ್ನೂ ಕಾಯದೆ ಎದ್ದುವು. ಕಾವಲುಗಾರನು ಗಾಜಿನ ಬಾಗಿಲಿನಿಂದ ಇಣುಕಿ, ಸಾಲುಸಾಲಾಗಿ ಹಸಿರು ದೀಪಗಳನ್ನು ಕಂಡು, ತನ್ನ ಪುಸ್ತಕದಲ್ಲಿ ‘ಎಲ್ಲ ಸರಿ’ ಎಂದು ಬರೆದನು. ಅವನು ಬರೆದುದರಲ್ಲಿ ಸುಳ್ಳೇನೂ ಇರಲಿಲ್ಲ; ಅವನಿಗೆ ಕಾಣುವಷ್ಟು ಎಲ್ಲವೂ ಸರಿಯಾಗಿಯೇ ಇದ್ದಿತು.

ನಾನು ಹತ್ತು ಗಂಟೆಗೆ ಕಚೇರಿ ತಲುಪುವ ಹೊತ್ತಿಗೆ, ಹಲವು ದಿನಗಳಿಂದ ಸರತಿಯಲ್ಲಿ ಕಾದಿದ್ದ ಅರುವತ್ತಕ್ಕೂ ಮಿಕ್ಕ ಕೆಲಸಗಳಲ್ಲಿ ಒಂದೂ ಉಳಿದಿರಲಿಲ್ಲ. ರಸಾಯನಶಾಸ್ತ್ರದ ಸಂಶೋಧಕಿಯೊಬ್ಬಳು, ಒಂಬತ್ತು ದಿನಗಳಿಂದ ತನ್ನ ಸರದಿಗಾಗಿ ಕಾದಿದ್ದವಳು, ನನ್ನ ಮೇಜಿನ ಬಳಿಗೆ ಬಂದು, ಕೋಪಿಸಿಕೊಳ್ಳದೆ, “ಸಾರ್, ನನ್ನ ಕೆಲಸ ಮುಗಿದಿದೆ ಅಂತ ಬರ್ತಿದೆ, ಆದರೆ ನಾಲ್ಕೇ ಸೆಕೆಂಡಿನಲ್ಲಿ ಮುಗಿದಿದೆ” ಎಂದಳು. ಅವಳು ಬೈದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆದದ್ದು ಇಷ್ಟು. ಯಂತ್ರಗಳು ಎದ್ದಿದ್ದುವು, ಸಾಧಾರಣವಾದ ಈಥರ್ನೆಟ್ ಜಾಲವೂ ಎದ್ದಿತ್ತು, ಸರತಿಯನ್ನು ನಿರ್ವಹಿಸುವ ತಂತ್ರಾಂಶವು ಆ ಈಥರ್ನೆಟ್ಟಿನ ಮೂಲಕ ಎಲ್ಲ ನೋಡುಗಳ, ಎಂದರೆ ಕ್ಲಸ್ಟರಿನ ಒಂದೊಂದು ಯಂತ್ರದ, ಹಾಜರಿಯನ್ನೂ ಪಡೆದು ಸಂತುಷ್ಟವಾಗಿತ್ತು. ಆದರೆ ಲೆಕ್ಕಗಳೆಲ್ಲವೂ ಯಾವುದರ ಮೇಲೆ ನಡೆಯಬೇಕಾಗಿತ್ತೋ ಆ ಇನ್ಫಿನಿಬ್ಯಾಂಡ್ ಜಾಲ ಮಾತ್ರ ಎದ್ದಿರಲಿಲ್ಲ. ಹಾಜರಿ ಹೇಳಿದ ನೋಡಿಗೆ ಕೆಲಸ ಹೋಗುವುದು, ಜಾಲವಿಲ್ಲದೆ ಅದು ಆ ಕ್ಷಣದಲ್ಲಿಯೇ ಸಾಯುವುದು, ನೋಡು ‘ನಾನು ಖಾಲಿ’ ಎಂದು ಮತ್ತೆ ಕೈಚಾಚುವುದು, ಇನ್ನೊಂದು ಕೆಲಸ ಹೋಗುವುದು. ಕಪ್ಪು ಬಾವಿಯೊಳಕ್ಕೆ ಕೊಡಗಳನ್ನು ಇಳಿಬಿಟ್ಟಂತೆ ಹೆಚ್ಚುಕಡಿಮೆ ಎಲ್ಲ ಕೆಲಸಗಳೂ ಸೂರ್ಯೋದಯಕ್ಕೆ ಮುನ್ನವೇ ಮುಳುಗಿದ್ದುವು. ಇನ್ನೂ ಕೇಡಿನದೆಂದರೆ, ಎರಡು ಮಾತ್ರ ಸಾಯಲಿಲ್ಲ. ವೇಗದ ದಾರಿ ಸಿಕ್ಕದಿದ್ದಾಗ ಸದ್ದಿಲ್ಲದೆ ಈಥರ್ನೆಟ್ಟಿನ ಕಾಲುದಾರಿಯನ್ನು ಹಿಡಿದು ತೆವಳುತ್ತ, ಒಂದು ರಾತ್ರಿಯಲ್ಲಿ ಮುಗಿಯಬೇಕಾದುದನ್ನು ಮುಂದಿನ ವಾರಕ್ಕೆ ಎಳೆಯುತ್ತಿದ್ದುವು. ಸತ್ತ ಕೆಲಸ ತಾನು ಸತ್ತೆನೆಂದು ಹೇಳುತ್ತದೆ; ತೆವಳುವ ಕೆಲಸ ಏನನ್ನೂ ಹೇಳುವುದಿಲ್ಲ.

ಈ ಜಾಲದ ಕುಲಗೋತ್ರಗಳನ್ನು ನಿಮಗೆ ಹೇಳಬೇಕಾದುದಿಲ್ಲವಾದರೂ, ಹೊಸದಾಗಿ ಈ ಕೆಲಸಕ್ಕೆ ಬಂದ ಕಿರಿಯರಿಗಾಗಿ ಎರಡು ಮಾತು. ಸಾಧಾರಣ ಜಾಲದಲ್ಲಿ ಒಂದು ಸಂದೇಶವು ಕಾರ್ಯಕ್ರಮದಿಂದ ಕರ್ನೆಲ್ಲಿಗೂ, ಕರ್ನೆಲ್ಲಿನಿಂದ ಕಾರ್ಡಿಗೂ, ಅಲ್ಲಿಂದ ತಂತಿಗೂ ಇಳಿದು, ಆಚೆಯ ದಡದಲ್ಲಿ ಅದೇ ಮೆಟ್ಟಿಲುಗಳನ್ನು ಮತ್ತೆ ಹತ್ತಬೇಕು. ಇನ್ಫಿನಿಬ್ಯಾಂಡಿನಲ್ಲಿಯಾದರೋ ಕಾರ್ಡು ತಾನೇ ನೇರವಾಗಿ ಆಚೆಯ ಯಂತ್ರದ ಸ್ಮೃತಿಯೊಳಕ್ಕೆ ಬರೆಯುತ್ತದೆ, ಆ ಯಂತ್ರದ ಸಂಸ್ಕಾರಕಕ್ಕೆ ಅದರ ಸುಳಿವು ಕೂಡ ಹತ್ತಬೇಕಾಗಿಲ್ಲ. ಒಂದು ಸಣ್ಣ ಸಂದೇಶ ಆಚೆ ಮುಟ್ಟಲು ಬೇಕಾಗುವ ಕಾಲ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನ ಆಸುಪಾಸು. ಪರಸ್ಪರ ಸ್ಪರ್ಧಿಸುತ್ತಿದ್ದ ಎರಡು ಪಂಗಡಗಳು 1999ರಲ್ಲಿ ಒಂದಾಗಿ ರೂಪಿಸಿದ ಈ ಪ್ರಮಾಣದ ಮೊದಲ ಆವೃತ್ತಿ 2000ದಲ್ಲಿ ಹೊರಬಂದಿತು, 2005ರಲ್ಲಿ, 2.6.11ನೆಯ ಕರ್ನೆಲ್ಲಿನೊಡನೆ, ಇದರ ಚಾಲಕತಂತ್ರಾಂಶ ಲಿನಕ್ಸಿನ ಮನೆಯ ಒಳಕ್ಕೇ ಬಂದು ಸೇರಿತು. ಅಂದು ಸೆಕೆಂಡಿಗೆ 10 ಗಿಗಾಬಿಟ್ ಇದ್ದ ವೇಗ ಮುಂದೆ 20, 40, 56, 100, 200 ಎಂದು ಏರುತ್ತ 400ನ್ನೂ ಮುಟ್ಟಿತು. ನಮ್ಮ ದೇಶದಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆ 1991ರಲ್ಲಿ ಪರಮ್ 8000ವನ್ನು ಕಟ್ಟಿ, ಮುಂದೆ ಪರಮ್‌ನೆಟ್ ಎಂಬ ಸ್ವಂತ ಜಾಲವನ್ನೇ ರೂಪಿಸಿತ್ತು. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಗೊಂಡ, 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗದ ನೋಡುಗಳನ್ನು ಬೆಸೆದಿರುವುದು ಇನ್ಫಿನಿಬ್ಯಾಂಡೇ. ಇಷ್ಟು ಸಾಕು, ವಂಶಾವಳಿಯಿಂದ ಯಂತ್ರ ಏಳುವುದಿಲ್ಲ.

ಈಥರ್ನೆಟ್ ಕಾರ್ಡನ್ನು ಕರ್ನೆಲ್ಲು ಕಂಡೊಡನೆ ಗುರುತಿಸಿ ಎಬ್ಬಿಸುತ್ತದೆ, ಅದಕ್ಕೆ ಹೆಚ್ಚಿನ ಉಪಚಾರ ಬೇಡ. ಇನ್ಫಿನಿಬ್ಯಾಂಡಿನದು ಹಾಗಲ್ಲ. ಕಾರ್ಡಿನ ಚಾಲಕ ಒಂದು, ಅದರ ಮೇಲೆ ಮೂಲಪದರವೊಂದು, ಬಳಕೆದಾರನ ಕಾರ್ಯಕ್ರಮಗಳು ಕಾರ್ಡನ್ನು ನೇರವಾಗಿ ಮುಟ್ಟಲು ವರ್ಬ್ಸ್ ಎಂಬುದೊಂದು, ಜಾಲದ ಆಡಳಿತದ ಸಂದೇಶಗಳಿಗೆ ಬೇರೊಂದು, ಐಪಿ ವಿಳಾಸಗಳನ್ನು ಇದರ ಮೇಲೆ ಕೂರಿಸಲು ಐಪಿಒಐಬಿ ಎಂಬುದು ಮತ್ತೊಂದು, ಹೀಗೆ ಹಲವು ಮಾಡ್ಯೂಲುಗಳು ಒಂದರ ಹೆಗಲ ಮೇಲೊಂದು ನಿಲ್ಲಬೇಕು. ಇವೆಲ್ಲವನ್ನೂ ಕ್ರಮವಾಗಿ ನಿಲ್ಲಿಸಲೆಂದೇ ಓಪನ್‌ಐಬಿಡಿ ಎಂಬ ಸೇವೆಯೊಂದನ್ನು ಕಾರ್ಡಿನ ತಯಾರಕರು ತಮ್ಮ ಚಾಲಕಗಳೊಡನೆ ಕೊಡುತ್ತ ಬಂದಿದ್ದಾರೆ. ವಿತರಣೆಗಳವರು ತಮ್ಮದೇ ಆರ್‌ಡಿಎಂಎ ಎಂಬ ಸೇವೆಯನ್ನು ಇಟ್ಟುಕೊಂಡಿದ್ದರು, ಈಗ ಅದರ ಬಹುಭಾಗವನ್ನು ಯುಡೆವ್ ನಿಯಮಗಳೇ ನೋಡಿಕೊಳ್ಳುತ್ತವೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ದಿನಗಳ ಓಪನ್‌ಐಬಿಡಿ ಒಂದು ಶೆಲ್ ಲಿಪಿ. ಅದು ಬೂಟಿನಲ್ಲಿ ಏಳಬೇಕಾದರೆ ಎರಡು ಅಗುಳಿಗಳನ್ನು ತೆಗೆಯಬೇಕಾಗಿತ್ತು. ಚೆಕ್‌ಕಾನ್ಫಿಗ್ ಆಜ್ಞೆಯಿಂದ ಸೇವೆಯನ್ನು ರನ್‌ಲೆವೆಲ್ಲುಗಳಿಗೆ ಜೋಡಿಸುವುದು ಒಂದು. ಈಟಿಸಿ ಕೋಶದಲ್ಲಿರುವ ಅದರದೇ ಸಂಯೋಜನಾ ಕಡತದಲ್ಲಿ ‘ಆನ್‌ಬೂಟ್’ ಎಂಬ ಪದದ ಮುಂದೆ ‘ಯೆಸ್’ ಎಂದಿರುವುದು ಇನ್ನೊಂದು. ಮೊದಲನೆಯದನ್ನು ನಾನು ತೆಗೆದಿದ್ದೆ. ಎರಡನೆಯದನ್ನು, ಹಿಂದೊಮ್ಮೆ ಯಾವುದೋ ಪರೀಕ್ಷೆಗಾಗಿ ನಾನೇ ‘ನೋ’ ಎಂದು ತಿದ್ದಿ, ಆ ಕಡತವನ್ನೇ ಇಪ್ಪತ್ತನಾಲ್ಕು ಯಂತ್ರಗಳಿಗೂ ನಕಲುಮಾಡಿ ಮರೆತಿದ್ದೆ. ಮರೆಯುವುದು ಮನುಷ್ಯಸಹಜ, ಆದರೆ ಹನ್ನೊಂದು ತಿಂಗಳ ಕಾಲ ಅದು ಬಯಲಾಗದೆ ಉಳಿದದ್ದು ಹೇಗೆ? ಉತ್ತರವು ಆ ಲಿಪಿಯ ಒಳಗೇ ಇತ್ತು, ಅದನ್ನು ಓದಿದ ದಿನ ನಾನು ನಗಲೂ ಆಗದೆ ಅಳಲೂ ಆಗದೆ ಕುಳಿತೆ. ಆ ಲಿಪಿಯು ತನ್ನನ್ನು ಯಾವ ಹೆಸರಿನಿಂದ ಕರೆಯಲಾಯಿತೆಂಬುದನ್ನು ಮೊದಲು ನೋಡುತ್ತದೆ. ರನ್‌ಲೆವೆಲ್ ಕೋಶದಲ್ಲಿರುವ, ಎಸ್ ಅಕ್ಷರವನ್ನೂ ಒಂದು ಸಂಖ್ಯೆಯನ್ನೂ ಹಣೆಯಲ್ಲಿ ಧರಿಸಿದ ಹೆಸರಿನಿಂದ ಕರೆದರೆ, ಇದು ಬೂಟಿನ ಕರೆ ಎಂದು ಅರಿತು, ಆನ್‌ಬೂಟ್ ಪದವನ್ನು ನೋಡಿ, ‘ನೋ’ ಎಂದಿದ್ದರೆ ಮಾತಿಲ್ಲದೆ ಹಿಂದಿರುಗುತ್ತದೆ. ಬರಿಯ ಓಪನ್‌ಐಬಿಡಿ ಎಂದು ಕರೆದರೆ, ಇದು ಮನುಷ್ಯನ ಕರೆ ಎಂದು ತಿಳಿದು, ಆ ಪದವನ್ನು ಲೆಕ್ಕಿಸದೆ ಎದ್ದು ನಿಲ್ಲುತ್ತದೆ. ಎಂದರೆ, ನಾನು ಕೈಯಿಂದ ಎಷ್ಟು ಸಲ ಪರೀಕ್ಷಿಸಿದರೂ ಅದು ಏಳುತ್ತಲೇ ಇತ್ತು. ನನ್ನ ಪರೀಕ್ಷೆಯೇ ಬೂಟಿಗಿಂತ ಬೇರೊಂದು ಪ್ರಶ್ನೆಯನ್ನು ಕೇಳುತ್ತಿತ್ತು, ಬೇರೊಂದು ಉತ್ತರವನ್ನು ಪಡೆಯುತ್ತಿತ್ತು.

ಮಿತ್ರರೆ, ಇದು ಆ ಒಂದು ಲಿಪಿಯ ವೈಚಿತ್ರ್ಯವೆಂದು ನೀವು ತಳ್ಳಿಹಾಕುವಿರಾದರೆ ಇನ್ನೊಂದನ್ನು ಕೇಳಿರಿ. ಆ ಬೆಳಗಿನ ಅಪಮಾನದ ಬಳಿಕ ನಾನು ಅಗುಳಿಗಳೆರಡನ್ನೂ ತೆಗೆದು, ಎಲ್ಲ ಯಂತ್ರಗಳನ್ನೂ ಹಾಡಹಗಲಿನಲ್ಲಿಯೇ ಆರಿಸಿ ಏಳಿಸಿ, ಜಾಲವು ತಾನಾಗಿ ಎದ್ದುದನ್ನು ಕಣ್ಣಾರೆ ಕಂಡು, ಬೀಗುತ್ತ ಸರತಿಯನ್ನು ತೆರೆದೆ. ಕೆಲಸಗಳು ಮತ್ತೆ ಸತ್ತುವು! ಈ ಸಲ ಜಾಲವಿತ್ತು, ಕೊಂಡಿಗಳಿದ್ದುವು, ಸಂದೇಶಗಳೂ ಹರಿಯುತ್ತಿದ್ದುವು. ಕಾರ್ಯಕ್ರಮಗಳು ಮಾತ್ರ ಸ್ಮೃತಿಯನ್ನು ನೋಂದಾಯಿಸಲಾಗಲಿಲ್ಲವೆಂದು ಗೊಣಗಿ ನೆಲಕ್ಕುರುಳುತ್ತಿದ್ದುವು. ನಾನು ಸರತಿಯ ಸೇವೆಯಾದ ಸ್ಲರ್ಮನ್ನು ಒಂದು ಯಂತ್ರದಲ್ಲಿ ಕೈಯಿಂದ ನಿಲ್ಲಿಸಿ ಮತ್ತೆ ಹೊರಡಿಸಿದೆ. ಆ ಯಂತ್ರದಲ್ಲಿ ಎಲ್ಲವೂ ಸರಿಹೋಯಿತು. ಇನ್ನೊಂದರಲ್ಲಿ ಹಾಗೆಯೇ ಮಾಡಿದೆ, ಅಲ್ಲಿಯೂ ಸರಿಹೋಯಿತು. ಕೈ ಸೋಕಿದಲ್ಲೆಲ್ಲ ರೋಗ ಮಾಯವಾಗುವಂತಹ ವೈದ್ಯನು ನಾನಾಗಿಬಿಟ್ಟೆನೆ ಎಂದು ಒಂದು ಕ್ಷಣ ಅನ್ನಿಸಿದ್ದುಂಟು.

ಕಾರಣವನ್ನು ಹೇಳುತ್ತೇನೆ. ಕಾರ್ಡು ನೇರವಾಗಿ ಸ್ಮೃತಿಗೆ ಬರೆಯುವುದಾದರೆ ಆ ಸ್ಮೃತಿಯ ಪುಟಗಳು ಇದ್ದ ಸ್ಥಳದಿಂದ ಕದಲಬಾರದು. ಅವುಗಳನ್ನು ಕರ್ನೆಲ್ಲು ಬೀಗಹಾಕಿ ಇಡಬೇಕು. ಒಂದು ಪ್ರಕ್ರಿಯೆಯು ಎಷ್ಟು ಸ್ಮೃತಿಗೆ ಬೀಗಹಾಕಬಹುದೆಂಬುದಕ್ಕೆ ಒಂದು ಮಿತಿಯುಂಟು, ಮೆಮ್‌ಲಾಕ್ ಎಂದು ಅದರ ಹೆಸರು. ಆ ಕಾಲದಲ್ಲಿ ಅದು ಯಾರೂ ಬದಲಿಸದಿದ್ದರೆ 64 ಕಿಲೋಬೈಟ್. ಗಿಗಾಬೈಟುಗಳನ್ನು ಬೇಡುವ ಲೆಕ್ಕಕ್ಕೆ ಇದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನಾನು ಆ ಮಿತಿಯನ್ನು ಲಿಮಿಟ್ಸ್ ಕಡತದಲ್ಲಿ ತೆಗೆದುಹಾಕಿಯೇ ಇದ್ದೆ; ಆದರೆ ಆ ಕಡತವನ್ನು ಓದುವುದು ಪ್ಯಾಮ್ ಎಂಬ ದ್ವಾರಪಾಲಕ, ಅದೂ ಮನುಷ್ಯನೊಬ್ಬನು ಲಾಗಿನ್ ಆಗಿ ಒಳಬರುವಾಗ ಮಾತ್ರ. ಬೂಟಿನಲ್ಲಿ ಏಳುವ ಸೇವೆ ಆ ಬಾಗಿಲಿನಿಂದ ಬರುವುದೇ ಇಲ್ಲ. ಅದು 64 ಕಿಲೋಬೈಟಿನ ಬಡತನವನ್ನೇ ಹೊತ್ತು ಹುಟ್ಟುತ್ತದೆ, ತಾನು ಹೆತ್ತ ಪ್ರತಿಯೊಂದು ಕೆಲಸಕ್ಕೂ ಅದನ್ನೇ ದಾಯವಾಗಿ ಕೊಡುತ್ತದೆ. ನಾನು ಲಾಗಿನ್ ಆಗಿ ಕೈಯಿಂದ ಹೊರಡಿಸಿದಾಗಲಾದರೋ ಅದು ನನ್ನ ಶೆಲ್ಲಿನ ಐಶ್ವರ್ಯಕ್ಕೆ ವಾರಸುದಾರನಾಯಿತು. ವೈದ್ಯನ ಕೈಗುಣವೆಂಬುದು ಇಷ್ಟೇ ಆಗಿತ್ತು. ಸಿಸ್ಟಮ್‌ಡಿ ಬಂದ ಮೇಲೆ, ನೀವು ಕೈಯಿಂದ ಹೊರಡಿಸಿದರೂ ಸೇವೆಯನ್ನು ಹೆರುವುದು ಅದೇ ಮೊದಲ ಪ್ರಕ್ರಿಯೆಯಾದುದರಿಂದ ಈ ಮೋಸ ತಪ್ಪಿತು. ಆದರೆ ಕಾಯಿಲೆ ತಪ್ಪಲಿಲ್ಲ. ಆ ಸೇವೆಯ ಯೂನಿಟ್ ಕಡತದಲ್ಲಿ ‘ಲಿಮಿಟ್‌ಮೆಮ್‌ಲಾಕ್’ ಎಂಬ ಪದದ ಮುಂದೆ ‘ಇನ್ಫಿನಿಟಿ’ ಎಂದು ಇದೆಯೇ ಎಂಬುದನ್ನು ಇಂದೇ ನೋಡಿಬಿಡಿರಿ.

ಸಿಸ್ಟಮ್‌ಡಿಯ ಹೆಸರೆತ್ತಿದೊಡನೆ ನಮ್ಮಲ್ಲಿ ಹಿರಿಯರು ಕೆಲವರು ಮುಖ ತಿರುಗಿಸುವರೆಂಬುದನ್ನು ಬಲ್ಲೆ. 2010ರಲ್ಲಿ ಲೆನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ ಅವರಿಂದ ಹುಟ್ಟಿ, ಮರುವರ್ಷ ಫೆಡೋರಾದ 15ನೆಯ ಆವೃತ್ತಿಯಲ್ಲಿಯೂ 2014ರಲ್ಲಿ ರೆಡ್ ಹ್ಯಾಟಿನ 7ನೆಯ ಆವೃತ್ತಿಯಲ್ಲಿಯೂ ಸಿಂಹಾಸನವೇರಿದ ಇದರ ಮೇಲೆ ನಡೆದ ಜಗಳಗಳಿಗೆ ಲೆಕ್ಕವಿಲ್ಲ. ನಾನೂ ನನ್ನ ಪಾಲಿನದನ್ನು ಆಡಿದ್ದೇನೆ. ಈಗ ನನ್ನ ಅಭಿಪ್ರಾಯ ಬೇರೆ. ಹಳೆಯ ಕ್ರಮದಲ್ಲಿ ಸೇವೆಗಳು ತಮ್ಮ ಸಂಖ್ಯೆಯ ಅನುಸಾರ ಒಂದರ ಹಿಂದೊಂದು ಸಾಲಾಗಿ ಏಳುತ್ತಿದ್ದುವು. ಯಾರು ಯಾರನ್ನು ಏತಕ್ಕಾಗಿ ಕಾಯಬೇಕೆಂಬುದು ಆ ಸಂಖ್ಯೆಗಳಲ್ಲಿ ಎಲ್ಲಿಯೂ ಬರೆದಿರುತ್ತಿರಲಿಲ್ಲ, ಅದು ನಮ್ಮ ತಲೆಯಲ್ಲಿರುತ್ತಿತ್ತು. ಹೊಸ ಕ್ರಮವು ಎಲ್ಲವನ್ನೂ ಏಕಕಾಲಕ್ಕೆ ಎಬ್ಬಿಸಲು ಯತ್ನಿಸುವುದರಿಂದ, ಸಂಬಂಧವನ್ನು ಬರೆದಿಡದೆ ಗತ್ಯಂತರವಿಲ್ಲ. ಇದನ್ನು ನಾನು ಉಪಕಾರವೆಂದೇ ಭಾವಿಸುತ್ತೇನೆ. ಆದರೆ ಬರೆಯುವಾಗ ಎಚ್ಚರವಿರಬೇಕು. ‘ಸ್ಟಾರ್ಟ್’ ಎಂದರೆ ಈಗ ಏಳಿಸುವುದಷ್ಟೇ, ‘ಎನೇಬಲ್’ ಎಂದರೆ ಮುಂದಿನ ಬೂಟಿಗೆ ಹೆಸರು ಬರೆಸುವುದಷ್ಟೇ. ಒಂದನ್ನು ಮಾಡಿ ಇನ್ನೊಂದಾಯಿತೆಂದು ನಂಬಿದವರು ನಾನೊಬ್ಬನೇ ಅಲ್ಲ. ‘ಆಫ್ಟರ್’ ಎಂಬುದು ಊಟದ ಪಂಕ್ತಿಯಲ್ಲಿ ಯಾರ ನಂತರ ಯಾರು ಕುಳಿತುಕೊಳ್ಳತಕ್ಕದ್ದೆಂದು ಹೇಳುತ್ತದೆಯೇ ಹೊರತು, ಮೊದಲಿನವರು ಊಟಕ್ಕೆ ಬಂದೇ ಬರುವರೆಂದು ಹೇಳುವುದಿಲ್ಲ. ಅದಕ್ಕೆ ‘ರಿಕ್ವೈರ್ಸ್’ ಬೇಕು. ‘ನೆಟ್‌ವರ್ಕ್ ಟಾರ್ಗೆಟ್’ ಎಂಬುದು ಜಾಲದ ಕಾರಭಾರಿ ಎದ್ದನೆಂಬುದನ್ನು ಮಾತ್ರ ಸೂಚಿಸುತ್ತದೆ. ಜಾಲವೇ ಎದ್ದಿತೆಂಬ ಭರವಸೆ ಬೇಕಾದವನು ‘ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್’ ಅನ್ನು ಕಾಯಬೇಕು.

ಇಷ್ಟೆಲ್ಲ ಬರೆದರೂ ಇನ್ಫಿನಿಬ್ಯಾಂಡಿನ ವಿಷಯದಲ್ಲಿ ಸಾಲದು. ಏಕೆಂದರೆ ಇಲ್ಲಿ ಒಂದು ಯಂತ್ರವು ತನ್ನಷ್ಟಕ್ಕೆ ತಾನು ಎದ್ದುಬಿಡುವುದು ಅಸಾಧ್ಯ. ಹಳೆಯ ಮೈಸೂರು ಸೀಮೆಯ ಕೆರೆಗಳ ಕೆಳಗೆ ನೀರುಗಂಟಿಯೊಬ್ಬನಿರುತ್ತಿದ್ದುದನ್ನು ನಿಮ್ಮ ಹಿರಿಯರಿಂದ ಕೇಳಿರಬಹುದು. ಕೆರೆ ತುಂಬಿರಲಿ, ಕಾಲುವೆ ಸ್ವಚ್ಛವಾಗಿರಲಿ, ಗದ್ದೆಯವನು ಹಾರೆ ಹಿಡಿದು ಬದುವಿನ ಮೇಲೆ ನಿಂತಿರಲಿ, ನೀರುಗಂಟಿ ಬಂದು ತೂಬೆತ್ತಿ ಇಂಥ ಗದ್ದೆಗೆ ಇಂಥ ಕಾಲುವೆ ಎಂದು ತಿರುಗಿಸುವ ತನಕ ಒಂದು ಹನಿಯೂ ಹರಿಯುತ್ತಿರಲಿಲ್ಲ. ಇನ್ಫಿನಿಬ್ಯಾಂಡಿನ ನೀರುಗಂಟಿಗೆ ಸಬ್‌ನೆಟ್ ಮ್ಯಾನೇಜರ್ ಎಂದು ಹೆಸರು. ಯಾವುದೋ ಒಂದು ಯಂತ್ರದಲ್ಲಿ ಓಪನ್‌ಎಸ್‌ಎಂ ಎಂಬ ಸೇವೆಯಾಗಿಯೋ, ಕೆಲವು ಸ್ವಿಚ್ಚುಗಳ ಉದರದಲ್ಲಿಯೋ ಕುಳಿತು, ಆಗಾಗ ಇಡೀ ಜಾಲವನ್ನು ಸುತ್ತಿ ನೋಡಿ, ಪ್ರತಿಯೊಂದು ಕಿಂಡಿಗೂ, ಎಂದರೆ ಪೋರ್ಟಿಗೂ, ಒಂದು ಸಂಖ್ಯೆ ಕೊಟ್ಟು, ಸ್ವಿಚ್ಚುಗಳೊಳಗೆ ದಾರಿಗಳನ್ನು ಬರೆಯುವುದು ಅವನ ಕೆಲಸ. ಅವನಿಲ್ಲದಿದ್ದರೆ, ಚಾಲಕವೆಲ್ಲ ಸರಿಯಾಗಿ ಎದ್ದು ತಂತಿಯಲ್ಲಿ ಬೆಳಕು ಹರಿಯುತ್ತಿದ್ದರೂ, ಐಬಿಸ್ಟ್ಯಾಟ್ ಆಜ್ಞೆಯು ಭೌತಿಕಸ್ಥಿತಿ ‘ಲಿಂಕ್‌ಅಪ್’ ಎಂದೂ, ಸ್ಥಿತಿ ಮಾತ್ರ ‘ಇನಿಷಿಯಲೈಸಿಂಗ್’ ಎಂದೂ ಹೇಳುತ್ತ ಕೂರುತ್ತದೆ. ಬಣ್ಣ ಹಚ್ಚಿ ಕಿರೀಟ ಕಟ್ಟಿ ಚೌಕಿಯಲ್ಲಿ ಕುಳಿತ ವೇಷದಂತೆ. ರಂಗಸ್ಥಳದಲ್ಲಿ ಭಾಗವತನೇ ಇಲ್ಲ. ಈ ಎರಡು ಪದಗಳನ್ನು ಒಟ್ಟಿಗೆ ಕಂಡಲ್ಲಿ ನಿಮ್ಮ ಕಾರ್ಡನ್ನೂ ಕೇಬಲನ್ನೂ ಬದಲಿಸಲು ಹೋಗಬೇಡಿರಿ, ನೀರುಗಂಟಿಯನ್ನು ಹುಡುಕಿರಿ.

ಅವನನ್ನು ಎಲ್ಲ ಯಂತ್ರಗಳಲ್ಲಿಯೂ ಎನೇಬಲ್ ಮಾಡಿ ನಿಶ್ಚಿಂತರಾಗಿರುವವರನ್ನು ಕಂಡಿದ್ದೇನೆ. ಒಂದೇ ಯಂತ್ರದ ಪ್ರತಿಬಿಂಬವನ್ನು ಎಲ್ಲಕ್ಕೂ ಇಳಿಸುವ ಪದ್ಧತಿಯಿಂದ ಇದು ಅರಿವಿಲ್ಲದೆಯೇ ಆಗುವುದುಂಟು. ಇಪ್ಪತ್ತನಾಲ್ಕು ನೀರುಗಂಟಿಗಳಲ್ಲಿ ಒಬ್ಬನೇ ಯಜಮಾನನಾಗಿ ಉಳಿದವರು ಕಾದು ಕುಳಿತಿರುವರೆಂಬುದು ನಿಜ. ಆದರೆ ಆ ಯಾಜಮಾನ್ಯ ಯಾವ ಯಂತ್ರಕ್ಕೆ ಒಲಿಯಿತೆಂಬುದು ನಿಮಗೆ ತಿಳಿಯದೆ, ನೀವು ದುರಸ್ತಿಗೆಂದು ಆರಿಸಿದ ಯಂತ್ರವೇ ಅದಾಗಿರುವ ದಿನ ಬಂದೇ ಬರುತ್ತದೆ. ಇಬ್ಬರು ಸಾಕು. ಒಬ್ಬನಿಗೆ ಹೆಚ್ಚಿನ ಆದ್ಯತೆ, ಇನ್ನೊಬ್ಬನಿಗೆ ಕಡಿಮೆಯದು, ಇಬ್ಬರೂ ವಿದ್ಯುತ್ತಿನ ಬೇರೆಬೇರೆ ಮೂಲಗಳ ಮೇಲೆ, ಇಬ್ಬರೂ ಲೆಕ್ಕದ ಕೆಲಸ ಮಾಡದ ಯಂತ್ರಗಳಲ್ಲಿ.

ಈಗ ಅಂದಿನಂಥ ರಾತ್ರಿಯನ್ನು ಮತ್ತೆ ಊಹಿಸಿಕೊಳ್ಳಿರಿ. ಎಲ್ಲ ಯಂತ್ರಗಳೂ ಏಕಕಾಲಕ್ಕೆ ಏಳುತ್ತಿವೆ. ನೀರುಗಂಟಿಯ ಯಂತ್ರವೂ ಅವುಗಳಲ್ಲೊಂದು, ಬಹುಶಃ ಎಲ್ಲಕ್ಕಿಂತ ನಿಧಾನವಾದದ್ದು. ಲೆಕ್ಕದ ನೋಡಿನಲ್ಲಿ ಓಪನ್‌ಐಬಿಡಿ ಮಾಡ್ಯೂಲುಗಳನ್ನೆಲ್ಲ ನಿಲ್ಲಿಸಿ ‘ಮುಗಿಯಿತು’ ಎನ್ನುತ್ತದೆ. ಅದರ ಕೆಲಸ ಮುಗಿದುದು ನಿಜವೇ. ಆದರೆ ಕಿಂಡಿ ಇನ್ನೂ ಸಕ್ರಿಯವಾಗಿಲ್ಲ. ಆ ಮಾತನ್ನು ನಂಬಿ ಹಂಚಿಕೆಯ ಕಡತವ್ಯವಸ್ಥೆಯನ್ನು ಮೌಂಟ್ ಮಾಡಲು ಹೋದ ಸೇವೆ ಸೋಲುತ್ತದೆ. ಆ ಸೋಲನ್ನು ಗಮನಿಸದ ಸ್ಲರ್ಮು ಕೆಲಸಗಳನ್ನು ಸ್ವೀಕರಿಸುತ್ತದೆ. ಕೆಲಸಗಳು ಸ್ಕ್ರ್ಯಾಚ್ ಕೋಶವಿದೆಯೆಂದೇ ತಿಳಿದು ಬರೆಯತೊಡಗುತ್ತವೆ. ಕೋಶವೂ ಇದೆ, ಅದರ ಮೇಲೆ ಮೌಂಟ್ ಆಗಬೇಕಾದುದಿಲ್ಲ, ಅಷ್ಟೆ. ಬರೆದದ್ದೆಲ್ಲ ಆ ನೋಡಿನ ಸ್ವಂತ ಪುಟ್ಟ ಡಿಸ್ಕಿನ ಮೇಲೆ ಬಿದ್ದು, ಅದು ಕಂಠದವರೆಗೆ ತುಂಬಿ, ಯಂತ್ರ ಬಿಕ್ಕಳಿಸತೊಡಗುತ್ತದೆ. ಮುಂದೆ ಮೌಂಟ್ ಸರಿಹೋದಾಗ ಆ ಬರವಣಿಗೆ ಅದರ ಅಡಿಯಲ್ಲಿ ಹೂತುಹೋಗಿ, ಡಿಸ್ಕು ತುಂಬಿದುದು ಯಾವುದರಿಂದ ಎಂಬುದೇ ಯಾರಿಗೂ ಕಾಣದಂತಾಗುತ್ತದೆ. ನಾನು ಇದನ್ನು ಕಂಡುಹಿಡಿಯಲು ಒಂದು ಇಡೀ ಭಾನುವಾರ ಕಳೆದಿದ್ದೇನೆ. ಬರಿದಾದ ಮೌಂಟ್ ಕೋಶದ ಮೇಲೆ ಚ್ಯಾಟರ್ ಆಜ್ಞೆಯಿಂದ ಅಚಲಮುದ್ರೆಯನ್ನು ಒತ್ತಿಟ್ಟರೆ, ಮೌಂಟ್ ಇಲ್ಲದಾಗ ಅಲ್ಲಿ ಯಾರೂ ಏನನ್ನೂ ಬರೆಯಲಾರರು. ಈ ಸಣ್ಣ ಉಪಾಯವನ್ನು ನನಗೆ ಮೊದಲೇ ಯಾರೂ ಹೇಳಿಕೊಟ್ಟಿರಲಿಲ್ಲ.

ಪರಿಹಾರವು ಕಷ್ಟದ್ದಲ್ಲ. ಕಿಂಡಿಯ ಸ್ಥಿತಿಯನ್ನು ಕರ್ನೆಲ್ಲು ಸಿಸ್ ಕೋಶದ ಒಂದು ಪುಟ್ಟ ಕಡತದಲ್ಲಿ ಸಂಖ್ಯೆಯೊಡನೆ ಬರೆದಿಡುತ್ತದೆ: 2 ಎಂದರೆ ಇನಿಟ್, 4 ಎಂದರೆ ಆಕ್ಟಿವ್. ಪ್ರತಿ ಸೆಕೆಂಡಿಗೊಮ್ಮೆ ಅದನ್ನು ಓದುತ್ತ, 4 ಕಂಡೊಡನೆ ಯಶಸ್ಸೆಂದು ಮುಗಿಯುವ, ಐದು ನಿಮಿಷ ಕಾದರೂ ಕಾಣದಿದ್ದರೆ ಸೋಲೆಂದು ಮುಗಿಯುವ ಹತ್ತು ಸಾಲಿನ ಲಿಪಿಯೊಂದನ್ನು ಬರೆದು, ಅದಕ್ಕೊಂದು ಯೂನಿಟ್ಟನ್ನು ಮಾಡಿ, ಓಪನ್‌ಐಬಿಡಿಯ ನಂತರವೂ ಮೌಂಟಿಗೆ ಮುಂಚೆಯೂ ಆಗುವಂತೆ ಅದನ್ನು ಕೂರಿಸಿರಿ. ಮೌಂಟು ಅದನ್ನು ‘ರಿಕ್ವೈರ್’ ಮಾಡಲಿ, ಸ್ಲರ್ಮು ಮೌಂಟನ್ನು ‘ರಿಕ್ವೈರ್’ ಮಾಡಲಿ. ಎಫ್‌ಎಸ್‌ಟ್ಯಾಬಿನಲ್ಲಿ ಬರೆಯುವವರು ‘ನೆಟ್‌ಡೆವ್’ ಎಂಬ ಗುರುತನ್ನು ಮರೆಯದಿರಲಿ. ಇಲ್ಲವಾದರೆ ಜಾಲದ ಮೇಲಿನ ಕಡತವ್ಯವಸ್ಥೆಯನ್ನು ಸ್ಥಳೀಯ ಡಿಸ್ಕೆಂದು ತಿಳಿದು ಜಾಲಕ್ಕೆ ಮೊದಲೇ ಹುಡುಕುವ ಪ್ರಮಾದವಾದೀತು.

ಕರ್ನೆಲ್ಲನ್ನು ನವೀಕರಿಸಿದ ಬಳಿಕ ತಯಾರಕರ ಚಾಲಕಗಳು ಹಳೆಯ ಕರ್ನೆಲ್ಲಿಗೇ ಅಂಟಿಕೊಂಡು ಉಳಿಯುವುದನ್ನೂ, ಇನಿಟ್‌ರ‍್ಯಾಮ್‌ಎಫ್‌ಎಸ್ಸಿನೊಳಗೆ ಹಳೆಯ ಚಾಲಕ ಅಡಗಿ ಕುಳಿತು ಹೊಸದಕ್ಕಿಂತ ಮೊದಲೇ ಏಳುವುದನ್ನೂ ನೀವು ಬಲ್ಲಿರಿ. ಡಿಕೆಎಂಎಸ್ ಇದ್ದಲ್ಲಿ ಬಳಸಿರಿ, ಚಾಲಕ ಬದಲಿಸಿದ ದಿನ ಡ್ರಾಕಟ್ಟನ್ನು ಓಡಿಸಿರಿ, ಹೆಚ್ಚು ಹೇಳುವುದಿಲ್ಲ.

ಒಂದು ಆಕ್ಷೇಪಕ್ಕೆ ಮಾತ್ರ ಉತ್ತರ ಕೊಡಬೇಕಾಗಿದೆ, ಏಕೆಂದರೆ ಅದನ್ನು ಎತ್ತಿದವರು ನನಗಿಂತ ಅನುಭವಸ್ಥರು. ಅಕಾಲದಲ್ಲಿ ಬಿದ್ದ ಯಂತ್ರವನ್ನು ತಾನಾಗಿ ಏಳಗೊಡಬಾರದು, ಅದು ಏಕೆ ಬಿದ್ದಿತೆಂಬುದನ್ನು ಮನುಷ್ಯನೊಬ್ಬನು ನೋಡಿದ ಮೇಲೆಯೇ ಕೆಲಸಕ್ಕೆ ಬಿಡಬೇಕು, ಆದ್ದರಿಂದ ಸೇವೆಗಳನ್ನು ಬೂಟಿನಲ್ಲಿ ಎನೇಬಲ್ ಮಾಡುವುದೇ ಅವಿವೇಕ ಎಂದು ಅವರ ವಾದ. ಇದರಲ್ಲಿ ಅರ್ಧ ಸತ್ಯವಿದೆ. ನಾನು ಆ ಅರ್ಧವನ್ನು ಒಪ್ಪುತ್ತೇನೆ. ಕಾಯಿಲೆಯ ನೋಡಿಗೆ ಕೆಲಸ ಹೋಗಬಾರದು, ನಿಜ. ಆದರೆ ಆ ತಡೆಯನ್ನು ಹಾಕಬೇಕಾದ ಸ್ಥಳ ಜಾಲದ ಸೇವೆಯಲ್ಲ, ಸರತಿಯ ಬಾಗಿಲು. ಸ್ಲರ್ಮಿನಲ್ಲಿ ‘ರಿಟರ್ನ್ ಟು ಸರ್ವಿಸ್’ ಎಂಬುದನ್ನು 0 ಮಾಡಿದರೆ, ಬಿದ್ದಿತೆಂದು ಗುರುತಾದ ನೋಡು ಎದ್ದು ಬಂದರೂ ನೀವು ಅಪ್ಪಣೆ ಕೊಡುವ ತನಕ ಹೊರಗೇ ನಿಂತಿರುತ್ತದೆ. ಆರೋಗ್ಯಪರೀಕ್ಷೆಯ ಲಿಪಿಯನ್ನು ಜೋಡಿಸಿದರೆ, ಕಿಂಡಿ 4ರಲ್ಲಿಲ್ಲದ, ಮೌಂಟ್ ಇಲ್ಲದ ನೋಡನ್ನು ಅದು ತಾನಾಗಿಯೇ ಹೊರಗಿಡುತ್ತದೆ. ಜಾಲವು ಏಳಲಿ, ಪರೀಕ್ಷೆ ನಡೆಯಲಿ, ಬಾಗಿಲು ಮಾತ್ರ ಮುಚ್ಚಿರಲಿ. ಜಾಲವನ್ನೇ ಮಲಗಿಸಿಟ್ಟು ಅದನ್ನು ಜಾಗರೂಕತೆಯೆಂದು ಕರೆಯುವವರಿಗೆ, ಆ ರಾತ್ರಿ ನನ್ನ ಜಾಲವೂ ಮಲಗಿಯೇ ಇದ್ದಿತೆಂಬುದನ್ನು ವಿನಯದಿಂದ ನೆನಪಿಸುತ್ತೇನೆ.

ನಾನು ಆ ಸಂಸ್ಥೆಯನ್ನು ಬಿಡುವ ತಿಂಗಳು, ನನ್ನ ಸ್ಥಾನಕ್ಕೆ ಬಂದ ತರುಣನೊಬ್ಬನಿಗೆ ಬೀಗದ ಕೈಯನ್ನು ಕೊಟ್ಟು, ಏನನ್ನೂ ವಿವರಿಸದೆ, ಮುಖ್ಯ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಲು ಹೇಳಿದೆ. ಅವನ ಮುಖ ಬಿಳಿಚಿತು. ಇಬ್ಬರೂ ಕೋಣೆಗೆ ಬೀಗ ಹಾಕಿ ಎದುರಿನ ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದೆವು. ಹಿಂದಿರುಗಿ ಬಂದಾಗ ಇಪ್ಪತ್ತನಾಲ್ಕರಲ್ಲಿ ಇಪ್ಪತ್ತಮೂರು ನೋಡುಗಳು ಮೌಂಟುಗಳ ಸಮೇತ ಸಿದ್ಧವಾಗಿದ್ದುವು. ಇಪ್ಪತ್ತನಾಲ್ಕನೆಯದು ಒಂದು ಕೇಬಲ್ ಸಡಿಲವಾದುದರಿಂದ 4ನ್ನು ಮುಟ್ಟದೆ ನಿಂತು, ಸರತಿಯಿಂದ ತನ್ನನ್ನು ತಾನೇ ಹೊರಗಿಟ್ಟುಕೊಂಡು, ಆ ಸಂಗತಿಯನ್ನು ದಾಖಲೆಯಲ್ಲಿ ಬರೆದಿಟ್ಟಿತ್ತು.

ಆದ್ದರಿಂದ ನನ್ನ ಬಿನ್ನಹ ಇಷ್ಟೇ. ಈ ತಿಂಗಳು ಒಂದು ದಿನವನ್ನು ಗೊತ್ತುಮಾಡಿ, ಬಳಕೆದಾರರಿಗೆ ವಾರ ಮುಂಚಿತವಾಗಿ ತಿಳಿಸಿ, ಸರತಿಯನ್ನು ಬರಿದುಮಾಡಿ, ಹಾಡಹಗಲಿನಲ್ಲಿ, ಎಚ್ಚರವಾಗಿದ್ದು, ಇಡೀ ಕ್ಲಸ್ಟರನ್ನು ಆರಿಸಿ ಏಳಿಸಿರಿ. ಹತ್ತು ನಿಮಿಷಗಳ ಕಾಲ ಕೀಲಿಮಣೆಯನ್ನು ಮುಟ್ಟದಿರಿ. ನಿಮ್ಮ ಕೈ ತಾನಾಗಿ ಅದರತ್ತ ಹೋಗುವುದು, ಅದನ್ನು ತಡೆಯಿರಿ. ಯಾವ ನೋಡು ಏಳಲಿಲ್ಲವೋ ಅದನ್ನು ಕೈಯಿಂದ ಎಬ್ಬಿಸಬೇಡಿರಿ. ಅದು ಏಕೆ ಏಳಲಿಲ್ಲವೆಂಬುದನ್ನು ಕಂಡು, ಯೂನಿಟ್ಟಿನಲ್ಲಿ ಬರೆದು, ಮತ್ತೆ ಆರಿಸಿರಿ.

ಇತಿ ನಿಮ್ಮ ವಿಶ್ವಾಸಿ,
ನಿವೃತ್ತನಾದ ಒಬ್ಬ ಕ್ಲಸ್ಟರ್ ಪಾಲಕ